ಅಡಿಕೆ ಸಿಪ್ಪೆ, ಮೆಕ್ಕೆಜೋಳ, ಸೊಪ್ಪಿನ ಬೆಟ್ಟ: ಜೈವಿಕ ಇಂಧನಕ್ಕೆ ಯಾವುದು ಸಲ್ಲುತ್ತದೆ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕು. ಸಣ್ಣ ಅಡಿಕೆ ತೋಟ, ಅದಕ್ಕೆ ಸೊಪ್ಪು ತರುವ ಮರಗಳಿರುವ ಸೊಪ್ಪಿನ ಬೆಟ್ಟ ಇದೆ. ನಮ್ಮ ಭಾವ ಶಿಕಾರಿಪುರದ ಕಡೆ ಮೆಕ್ಕೆಜೋಳ ಬೆಳೆಯುತ್ತಾರೆ. ಜೋಳದಿಂದ ಪೆಟ್ರೋಲಿಗೆ ಬೆರೆಸುವ ಎಥನಾಲ್ ಮಾಡಲು ಸರ್ಕಾರ ಒಪ್ಪಿದೆ. ಆದರೆ ಸುಲಿದು ಎಸೆಯುವ ಅಡಿಕೆ ಸಿಪ್ಪೆಯನ್ನು ಕೇಳುವವರೇ ಇಲ್ಲ. ತಿನ್ನುವ ಕಾಳಿಗೆ ಅನುಮತಿ, ಕಸಕ್ಕೆ ಇಲ್ಲ, ಇದು ಯಾವ ನ್ಯಾಯ? ಈಚೆಗೆ ಒಬ್ಬರು ಬಂದು, ಬೆಟ್ಟದಲ್ಲಿ ಹೊಂಗೆ ಹಾಕಿ, ಬೀಜವನ್ನೆಲ್ಲ ನಾವೇ ಕೊಳ್ಳುತ್ತೇವೆ ಎಂದು ಹೇಳಿ ಒಂದು ಇಂಗ್ಲಿಷ್ ಫಾರಂ ಕೊಟ್ಟು ಹೋಗಿದ್ದಾರೆ. ಅದರಲ್ಲಿ 2008ರ ಜನವರಿ ಅಂತ ಏನೋ ದಿನಾಂಕ ಇದೆ. ಸಹಿ ಹಾಕಬಹುದಾ? ಯಾವ ವಸ್ತು ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂದು ತೀರ್ಮಾನ ಮಾಡುವವರು ಯಾರು?

ಉತ್ತರ: ಫಾರಂಗೆ ಈಗಲೇ ಸಹಿ ಹಾಕಬೇಡಿ. ಕಾರಣ ಮುಂದೆ ಬರುತ್ತದೆ. ಆ ದಿನಾಂಕ ಅಲ್ಲಿ ಯಾಕೆ ಇದೆ ಎಂದು ತಿಳಿಯಬೇಕಾದರೆ ಉಳಿದದ್ದು ಸ್ವಲ್ಪ ಗೊತ್ತಿರಬೇಕು.

ಇನ್ನು ನಿಮ್ಮ ದೂರು. ಅಡಿಕೆ ಸಿಪ್ಪೆಗೆ ಅನುಮತಿ ಇಲ್ಲ ಎಂದು ಯಾರೂ ಹೇಳಿಲ್ಲ. ಕೇಂದ್ರದ 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ ಕಚ್ಚಾವಸ್ತುಗಳ ಪಟ್ಟಿ ಇದೆ. ಎಥನಾಲ್‌ಗೆ ಕಬ್ಬಿನ ಹಾಲು, ಕಾಕಂಬಿ, ಸಕ್ಕರೆ ಬೀಟ್, ಮೆಕ್ಕೆಜೋಳ, ಮರಗೆಣಸು, ನುಚ್ಚು, ತಿನ್ನಲಾಗದಷ್ಟು ಕೆಟ್ಟ ಧಾನ್ಯ, ಕೊಳೆತ ಆಲೂಗಡ್ಡೆ ಆಗುತ್ತವೆ. ಇವು ಮೊದಲ ತಲೆಮಾರಿನವು. ಎರಡನೆಯ ತಲೆಮಾರಿಗೆ ಭತ್ತ ಮತ್ತು ಗೋಧಿಯ ಹುಲ್ಲು, ಜೋಳದ ದಂಟು, ಬೆಂಡು, ಕಬ್ಬಿನ ಸಿಪ್ಪೆ, ಮರದ ಚೂರು, ಒಟ್ಟಿನಲ್ಲಿ ಬೆಳೆ ತೆಗೆದ ಮೇಲೆ ಉಳಿಯುವ ನಾರಿನ ಪದಾರ್ಥಗಳೆಲ್ಲ ಬರುತ್ತವೆ. ನಿಮ್ಮ ಅಡಿಕೆ ಸಿಪ್ಪೆಯ ಜಾಗ ಇಲ್ಲೇ. ಯುರೋಪ್ ಒಕ್ಕೂಟದ ಪಟ್ಟಿಯಲ್ಲೂ ಕಾಯಿಗಳ ಚಿಪ್ಪು, ಹೊಟ್ಟು ಎಂದು ಬರೆದೇ ಇದೆ. ಬಯೋಡೀಸೆಲ್‌ಗೆ ಬೇರೆ ಪಟ್ಟಿ: ತಿನ್ನಲು ಬಾರದ ಎಣ್ಣೆಬೀಜ, ಕರಿದು ಉಳಿದ ಎಣ್ಣೆ, ಪ್ರಾಣಿ ಕೊಬ್ಬು. ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ನಾವು ಹೊರದೇಶದಿಂದ ತರಿಸುತ್ತೇವೆ. ಅದಕ್ಕೇ ತಿನ್ನುವ ಎಣ್ಣೆಯನ್ನು ಈ ಪಟ್ಟಿಗೆ ಸೇರಿಸಿಲ್ಲ.

ತೀರ್ಮಾನ ಮಾಡುವವರು ಯಾರು ಅಂದರೆ, ಪೆಟ್ರೋಲಿಯಂ ಸಚಿವರ ಅಧ್ಯಕ್ಷತೆಯ ರಾಷ್ಟ್ರೀಯ ಜೈವಿಕ ಇಂಧನ ಸಮನ್ವಯ ಸಮಿತಿ. ಗೋದಾಮಿನಲ್ಲಿ ಹೆಚ್ಚಾಗಿ ಉಳಿದ ಧಾನ್ಯವನ್ನು ಎಥನಾಲ್‌ಗೆ ಬಿಡಬೇಕೋ ಬೇಡವೋ ಎಂದು ಹೇಳುವುದೂ ಅದೇ.

ಹಾಗಾದರೆ ಸಿಪ್ಪೆಯನ್ನು ಯಾಕೆ ಯಾರೂ ಕೇಳುತ್ತಿಲ್ಲ? ಲೆಕ್ಕ ಗಿಟ್ಟುವುದಿಲ್ಲ, ಅಷ್ಟೇ. ಇಂಡಿಯನ್ ಆಯಿಲ್‌ನವರು ಪಾಣಿಪತ್‌ನಲ್ಲಿ 2022ರ ಆಗಸ್ಟ್‌ನಲ್ಲಿ ಭತ್ತದ ಹುಲ್ಲಿನಿಂದ ಎಥನಾಲ್ ಮಾಡುವ ಘಟಕ ಶುರು ಮಾಡಿದರು. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ತೆಗೆಯುವುದು ಅದರ ಗುರಿ. ಭಾಗಿಸಿ ನೋಡಿ, ಟನ್ನಿಗೆ 150 ಲೀಟರ್. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಬರುತ್ತದೆ. ಜೋಳದ ಹಿಟ್ಟನ್ನು ಬೇಯಿಸಿ, ಕಿಣ್ವ ಹಾಕಿ, ಯೀಸ್ಟ್ ಬಿಟ್ಟರೆ ಸಾಕು, ಹುದುಗುತ್ತದೆ. ನಾರಿನ ಪದಾರ್ಥ ಹಾಗಲ್ಲ. ಅದರೊಳಗಿನ ಸಕ್ಕರೆಯನ್ನು ಲಿಗ್ನಿನ್ ಅನ್ನುವ ಗಟ್ಟಿ ಅಂಟು ಹಿಡಿದುಕೊಂಡಿರುತ್ತದೆ. ಮೊದಲು ಹಬೆ, ಆಮ್ಲ ಹಾಕಿ ಅದನ್ನು ಬಿಡಿಸಬೇಕು. ಆಮೇಲೆ ದುಬಾರಿ ಕಿಣ್ವ ಬೇಕು. ಅಡಿಕೆ ಸಿಪ್ಪೆಯಲ್ಲಿ ಈ ಲಿಗ್ನಿನ್ ಏನೂ ಕಮ್ಮಿ ಇಲ್ಲ.

ಇದರ ಮೇಲೆ ಸಾಗಣೆ. ಕೆಂಪಡಿಕೆ ಮಾಡುವ ನಮ್ಮ ಕಡೆ ಕಾಯಿಯನ್ನು ಹಸಿಯಾಗಿಯೇ ಸುಲಿಯುತ್ತಾರೆ. ಆ ಹಸಿ ಸಿಪ್ಪೆಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು. ಒಣಗಿಸಿದರೆ ಹಗುರ, ಲಾರಿ ತುಂಬುತ್ತದೆ, ತೂಕ ಬರುವುದಿಲ್ಲ. ಸುಗ್ಗಿ ನಡೆಯುವುದು ಮಳೆ ಮುಗಿದ ಮೇಲಿನ ಕೆಲವೇ ತಿಂಗಳು, ಕಾರ್ಖಾನೆಗೆ ವರ್ಷವಿಡೀ ಮಾಲು ಬೇಕು. ತೋಟಗಳೋ ಗುಡ್ಡದ ಸಂದಿಯಲ್ಲಿ ಒಂದೊಂದು ಕಡೆ. ಪಾಣಿಪತ್ ಸುತ್ತ ಒಂದೇ ಬಯಲಿನಲ್ಲಿ ಸಿಗುವಷ್ಟು ಹುಲ್ಲಿನ ಭಾರವನ್ನು ಇಲ್ಲಿ ಒಟ್ಟು ಮಾಡಬೇಕಾದರೆ ಡೀಸೆಲ್ ಎಷ್ಟು ಸುಡಬೇಕು, ನೀವೇ ಯೋಚಿಸಿ.

ಆದರೆ ನನಗೆ ಇಲ್ಲಿ ದುಡ್ಡಿನ ಲೆಕ್ಕಕ್ಕಿಂತ ಇನ್ನೊಂದು ವಿಷಯ ಮುಖ್ಯ ಅನಿಸುತ್ತದೆ. ನಿಮ್ಮ ಮನೆಯ ಸಿಪ್ಪೆ ಎಲ್ಲಿಗೆ ಹೋಗುತ್ತದೆ? ಸುಲಿದದ್ದರಲ್ಲಿ ಸ್ವಲ್ಪ ಒಣಗಿ ಅಡಿಕೆ ಬೇಯಿಸುವ ಒಲೆಗೆ ಹೋಗುತ್ತದೆ. ಉಳಿದದ್ದು ಗೊಬ್ಬರದ ಗುಂಡಿಗೆ, ಇಲ್ಲವೇ ತೋಟದ ಬುಡಕ್ಕೆ. ಅಂದರೆ ಮರ ನೆಲದಿಂದ ಎಳೆದುಕೊಂಡ ಪೊಟ್ಯಾಷ್‌ನಲ್ಲಿ ಒಂದು ಪಾಲು ಮತ್ತೆ ನೆಲಕ್ಕೇ ಸೇರುತ್ತದೆ. ಆ ಸಿಪ್ಪೆಯನ್ನು ಕಾರ್ಖಾನೆಗೆ ಮಾರಿದರೆ ನೀವು ಅಂಗಡಿಯಿಂದ ಅಷ್ಟು ಪೊಟ್ಯಾಷ್ ಚೀಲ ತರಬೇಕು. ಅದು ಗಣಿಯಿಂದ ತೆಗೆದು, ಹಡಗಿನಲ್ಲಿ ಬಂದ ಗೊಬ್ಬರ. ಇಂಧನದಲ್ಲಿ ಉಳಿಸಿದ್ದನ್ನು ಗೊಬ್ಬರದಲ್ಲಿ ಕಳೆದ ಹಾಗಾಯಿತು.

ಈಗ ಚೇಣಿ ಮನೆಗಳ, ಅಂದರೆ ತೋಟದ ಫಸಲನ್ನು ಗುತ್ತಿಗೆಗೆ ಹಿಡಿಯುವವರ, ಸಿಪ್ಪೆ ನೋಡಿ. ಚೇಣಿದಾರರು ಹತ್ತಾರು ತೋಟದ ಕಾಯಿಯನ್ನು ಒಂದೇ ಕಡೆ ತಂದು ಯಂತ್ರದಲ್ಲಿ ಸುಲಿಸುತ್ತಾರೆ. ಸಿಪ್ಪೆ ತೋಟಕ್ಕೆ ವಾಪಸ್ ಹೋಗುವುದಿಲ್ಲ. ರಸ್ತೆ ಬದಿ, ಕೆರೆ ದಂಡೆ, ಚಾನೆಲ್ ಪಕ್ಕ ರಾಶಿ ಬೀಳುತ್ತದೆ. ಕೊಳೆತು ಕಪ್ಪು ನೀರು ಹರಿಯುತ್ತದೆ, ಇಲ್ಲವೇ ಯಾರೋ ಬೆಂಕಿ ಹಾಕಿ ವಾರಗಟ್ಟಲೆ ಹೊಗೆಯಾಡುತ್ತದೆ. ಭದ್ರಾವತಿ, ಚನ್ನಗಿರಿ ಕಡೆ ಸುಗ್ಗಿಯಲ್ಲಿ ಬೈಕಿನಲ್ಲಿ ಹೋದವರಿಗೆ ಆ ಹೊಗೆ ಹೊಸದಲ್ಲ. ಈ ರಾಶಿಯಿಂದ ಇಂಧನವೋ, ಒಲೆಗೆ ಉರಿಸುವ ಒತ್ತಿದ ಇಟ್ಟಿಗೆಯೋ ಮಾಡಿದರೆ ಯಾರಿಗೂ ನಷ್ಟವಿಲ್ಲ. ಒಂದೇ ಸಿಪ್ಪೆ, ಒಂದೇ ಮರದ್ದು. ನಿಮ್ಮ ಮನೆಯದು ಸಲ್ಲಬಾರದು, ಚೇಣಿ ಮನೆಯದು ಸಲ್ಲಬೇಕು.

ನಾನು ಹೇಳಬೇಕಾದದ್ದೆಲ್ಲ ಇದರಲ್ಲೇ ಇದೆ. ಒಂದು ವಸ್ತುವಿನ ಹೆಸರು ಕೇಳಿ ಅದು ಸಲ್ಲುತ್ತದೆ ಅಥವಾ ಇಲ್ಲ ಎಂದು ಹೇಳಲು ಆಗುವುದಿಲ್ಲ. ಎರಡು ಪ್ರಶ್ನೆ ಕೇಳಬೇಕು. ಇಂಧನಕ್ಕೆ ಕೊಡದೇ ಇದ್ದಿದ್ದರೆ ಇದು ಎಲ್ಲಿಗೆ ಹೋಗುತ್ತಿತ್ತು? ಇದು ಬೆಳೆದ ನೆಲದಲ್ಲಿ ಮೊದಲು ಏನಿತ್ತು? ಇವೆರಡನ್ನು ಕೇಳದ ನಿಯಮ ಎಷ್ಟು ಉದ್ದ ಇದ್ದರೂ ಅದು ಬರೀ ಪಟ್ಟಿ.

ಭತ್ತದ ಹುಲ್ಲನ್ನೇ ತೆಗೆದುಕೊಳ್ಳಿ. ಪಂಜಾಬ್, ಹರಿಯಾಣದಲ್ಲಿ ಕೊಯ್ಲು ಯಂತ್ರ ಓಡಿದ ಮೇಲೆ ಗದ್ದೆಯಲ್ಲಿ ಉಳಿದ ಹುಲ್ಲಿಗೆ ಬೆಂಕಿ ಇಡುತ್ತಾರೆ. ದೆಹಲಿಯ ಚಳಿಗಾಲದ ಹೊಗೆಗೆ ಅದೂ ಒಂದು ಕಾರಣ. ಅಲ್ಲಿ ಹುಲ್ಲು ಕಾರ್ಖಾನೆಗೆ ಹೋದರೆ ಒಳ್ಳೆಯದೇ. ಮಲೆನಾಡಿನಲ್ಲಿ ಹುಲ್ಲನ್ನು ಸುಡುವವರು ಯಾರು? ಬಣವೆ ಹಾಕಿ ಮಳೆಗಾಲಕ್ಕೆ ದನಕ್ಕೆ ಇಟ್ಟುಕೊಳ್ಳುತ್ತಾರೆ. ಇಲ್ಲದವರು ದುಡ್ಡು ಕೊಟ್ಟು ಬಯಲುಸೀಮೆಯಿಂದ ತರಿಸುತ್ತಾರೆ. ಇಲ್ಲಿನ ಹುಲ್ಲನ್ನು ಎಥನಾಲ್‌ಗೆ ಎಳೆದರೆ ಹಾಲಿನ ಲೆಕ್ಕ ಕೆಡುತ್ತದೆ. ಪಟ್ಟಿಯಲ್ಲಿ ಮಾತ್ರ ಎರಡೂ ಒಂದೇ ಸಾಲಿನಲ್ಲಿ ಕೂತಿವೆ.

ಈಗ ಭಾವನವರ ಮೆಕ್ಕೆಜೋಳ. ಇದರ ಕಥೆ ಕೇಳಿದರೆ ನಿಯಮ ಹೇಗೆ ಓಲಾಡುತ್ತದೆ ಅಂತ ಗೊತ್ತಾಗುತ್ತದೆ. ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಸಲು 2018ರಲ್ಲಿ 2030ರ ಗಡುವು ಇಟ್ಟಿದ್ದರು. 2022ರಲ್ಲಿ ನೀತಿಗೆ ತಿದ್ದುಪಡಿ ತಂದು ಅದನ್ನು 2025–26ಕ್ಕೆ ಎಳೆದರು. 2022ರ ಜೂನ್ ಹೊತ್ತಿಗೆ ಶೇ. 10 ಮುಟ್ಟಿತು, 2025ರಲ್ಲಿ ಶೇ. 20 ಕೂಡ ಮುಟ್ಟಿತು. ಇಷ್ಟು ಬೇಗ ಇಷ್ಟು ಎಥನಾಲ್ ಬೇಕು ಅಂದಾಗ ಹುಲ್ಲು, ಕಡ್ಡಿ ನಂಬಿ ಕೂರಲು ಆಗುವುದಿಲ್ಲ. ಕೈಗೆ ಸಿಗುವುದು ಕಬ್ಬು, ಅಕ್ಕಿ, ಜೋಳ.

2023ರಲ್ಲಿ ಮಳೆ ಕೈಕೊಟ್ಟಿತು. ಜುಲೈನಲ್ಲಿ ಆಹಾರ ನಿಗಮ ಎಥನಾಲ್‌ಗೆ ಅಕ್ಕಿ ಕೊಡುವುದನ್ನು ನಿಲ್ಲಿಸಿತು. ಡಿಸೆಂಬರ್ 7ಕ್ಕೆ ಕಬ್ಬಿನ ಹಾಲಿನಿಂದ ಎಥನಾಲ್ ಮಾಡಬಾರದು ಎಂದು ಆದೇಶ ಬಂತು. ಸಕ್ಕರೆ ಕಾರ್ಖಾನೆಗಳು ಗಲಾಟೆ ಮಾಡಿದ ಮೇಲೆ ಒಂದು ಮಿತಿ ಹಾಕಿ ಸಡಿಲಿಸಿದರು. ಆಗ ಉಳಿದದ್ದು ಮೆಕ್ಕೆಜೋಳ. ಅದರ ಎಥನಾಲ್‌ಗೆ ಲೀಟರಿಗೆ 71.86 ರೂಪಾಯಿ ಕಟ್ಟಿದರು, ಉಳಿದೆಲ್ಲಕ್ಕಿಂತ ಜಾಸ್ತಿ. ಜೋಳದ ಬೆಲೆ ಏರಿತು, ಕೋಳಿ ಸಾಕುವವರು ಮೇವಿನ ಬೆಲೆ ನೋಡಿ ಕೂಗಿದರು. 2024ರಲ್ಲಿ ನಮ್ಮ ದೇಶ ಮೆಕ್ಕೆಜೋಳ ಮಾರುವುದಕ್ಕಿಂತ ಕೊಳ್ಳುವುದೇ ಹೆಚ್ಚಾಯಿತು. ಮ್ಯಾನ್ಮಾರ್, ಉಕ್ರೇನ್‌ನಿಂದ ಹಡಗು ಬಂತು. ಆಮೇಲೆ ಗೋದಾಮು ತುಂಬಿತು. 2024–25ರ ಸಾಲಿಗೆ 52 ಲಕ್ಷ ಟನ್ ಅಕ್ಕಿಯನ್ನು ಎಥನಾಲ್‌ಗೆ ಬಿಟ್ಟರು, ಅದೂ ಕ್ವಿಂಟಲಿಗೆ 2,250 ರೂಪಾಯಿಗೆ. 2025ರ ಕೊನೆಗೆ ಶಿವಮೊಗ್ಗ, ದಾವಣಗೆರೆ, ಹಾವೇರಿಯ ಮಾರುಕಟ್ಟೆಗಳಲ್ಲಿ ಜೋಳ 2,400 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದದ್ದು ಭಾವನವರಿಗೆ ಚೆನ್ನಾಗಿ ನೆನಪಿರುತ್ತದೆ.

ಗಮನಿಸಿ, ಇಷ್ಟೂ ಏರಿಳಿತದಲ್ಲಿ ಯಾರೂ ಹವಾಮಾನದ ಮಾತು ಎತ್ತಲಿಲ್ಲ. ಗೋದಾಮು ತುಂಬಿದೆಯೇ, ಸಕ್ಕರೆ ಬೆಲೆ ಏರುತ್ತದೆಯೇ, ಇಷ್ಟೇ ಪ್ರಶ್ನೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮಂಥ ದೇಶದಲ್ಲಿ ಊಟ ಮೊದಲು, ಕಾರು ಆಮೇಲೆ. ಆದರೆ ಹೀಗೆ ತಯಾರಾದ ಎಥನಾಲ್‌ಗೆ ಸುಸ್ಥಿರ ಎಂಬ ಹಣೆಪಟ್ಟಿ ಅಂಟಿಸುವಾಗ ಸ್ವಲ್ಪ ನಾಚಿಕೆ ಇರಬೇಕು. 2018ರ ನೀತಿ ಕಚ್ಚಾವಸ್ತುವಿನ ಹೆಸರು ಹೇಳುತ್ತದೆ. ಪೆಟ್ರೋಲಿಗೆ ಹೋಲಿಸಿದರೆ ಇಂತಿಷ್ಟು ಇಂಗಾಲ ಉಳಿಯಲೇಬೇಕು ಎಂದು ಅಂಕಿ ಹಾಕುವುದಿಲ್ಲ.

ಯುರೋಪ್ ಒಕ್ಕೂಟ ಅಂಕಿ ಹಾಕಿದೆ. 2021ರಿಂದ ಶುರುವಾದ ಘಟಕದ ಇಂಧನ ಪೆಟ್ರೋಲ್, ಡೀಸೆಲ್‌ಗಿಂತ ಕನಿಷ್ಠ ಶೇ. 65 ಕಮ್ಮಿ ಹಸಿರುಮನೆ ಅನಿಲ ಬಿಡಬೇಕು. ಹಳೆಯ ಘಟಕಗಳಿಗೆ ಶೇ. 50, ಶೇ. 60 ಎಂದು ಮೆಟ್ಟಿಲುಗಳಿವೆ. ಬೆಳೆಯಾದರೆ ಬಿತ್ತನೆಯಿಂದಲೇ ಲೆಕ್ಕ ಶುರು. ಉಳುಮೆಯ ಡೀಸೆಲ್, ಯೂರಿಯಾ ಮಾಡಲು ಸುಟ್ಟ ಅನಿಲ, ಆ ಯೂರಿಯಾದಿಂದ ಹೊಲದಲ್ಲಿ ಏಳುವ ನೈಟ್ರಸ್ ಆಕ್ಸೈಡ್ ಎಲ್ಲ ಸೇರುತ್ತದೆ. ಈ ನೈಟ್ರಸ್ ಆಕ್ಸೈಡ್ ಒಂದು ಕೆಜಿ ಅಂದರೆ ಸುಮಾರು 270 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ. ಜೋಳಕ್ಕೆ ಯೂರಿಯಾ ಎಷ್ಟು ಸುರಿಯುತ್ತಾರೆ ಎಂದು ನಾನು ಹೇಳಬೇಕಾಗಿಲ್ಲ. ಅದೇ ಉಳಿಕೆ ಪದಾರ್ಥವಾದರೆ ಅದನ್ನು ಒಟ್ಟು ಮಾಡುವ ಜಾಗದಿಂದ ಲೆಕ್ಕ. ಅಲ್ಲಿಯವರೆಗಿನದು ಸೊನ್ನೆ. ಹೊಲದ ಉಳಿಕೆ ತೆಗೆಯುವವರು ಮಣ್ಣಿನ ಸತ್ವ, ಮಣ್ಣಿನ ಇಂಗಾಲ ಇಳಿಯದಂತೆ ನೋಡಿಕೊಳ್ಳುವ ಯೋಜನೆಯನ್ನೂ ತೋರಿಸಬೇಕು. ಇದು ನನಗೆ ಇಷ್ಟವಾದ ನಿಯಮ. ನಿಮ್ಮ ಸಿಪ್ಪೆ, ಪೊಟ್ಯಾಷ್‌ನ ಪ್ರಶ್ನೆ ಅವರಿಗೂ ಹೊಳೆದಿದೆ ಅಂತಾಯಿತು. ಆಹಾರದ ಬೆಳೆಯಿಂದ ಬಂದ ಇಂಧನಕ್ಕೆ ಸಾರಿಗೆಯಲ್ಲಿ ಶೇ. 7ರ ಮೇಲ್ಮಿತಿ ಇದೆ. ತಾಳೆ ಎಣ್ಣೆಯ ಇಂಧನವನ್ನು 2030ರೊಳಗೆ ಸೊನ್ನೆಗೆ ಇಳಿಸಬೇಕು. ಕಾಡು ಕಡಿದು ತಾಳೆ ಹಾಕುತ್ತಾರೆ ಅನ್ನುವುದು ಕಾರಣ.

ಹಾಗಂತ ಅವರದ್ದೆಲ್ಲ ಸರಿ ಅಂದುಕೊಳ್ಳಬೇಡಿ. ಕರಿದು ಉಳಿದ ಎಣ್ಣೆಗೆ ಅವರು ಗುರಿ ಮುಟ್ಟುವ ಲೆಕ್ಕದಲ್ಲಿ ಎರಡು ಪಟ್ಟು ಅಂಕ ಕೊಟ್ಟರು. ಅದಕ್ಕೂ ಶೇ. 1.7ರ ಮಿತಿ ಹಾಕಿದ್ದರು ಅನ್ನಿ. ಆದರೂ ಆದದ್ದೇನು? ಬಳಸಿದ ಎಣ್ಣೆಗೆ ಹೊಸ ಎಣ್ಣೆಗಿಂತ ಜಾಸ್ತಿ ಬೆಲೆ ಬರುವ ಕಾಲ ಬಂತು. ಏಷ್ಯಾದಿಂದ ಹೋಗುವ ಬಳಸಿದ ಎಣ್ಣೆಯಲ್ಲಿ ಹೊಸ ತಾಳೆ ಎಣ್ಣೆ ಬೆರೆಸುತ್ತಾರೆ ಎಂಬ ಅನುಮಾನ ಎದ್ದು ತನಿಖೆಗಳು ನಡೆದವು. ಒಮ್ಮೆ ಸಂಸ್ಕರಿಸಿ ಬೆರೆಸಿದ ಮೇಲೆ ಪತ್ತೆ ಹಚ್ಚುವುದು ಕಷ್ಟ. ಕಸಕ್ಕೆ ಕಸದ ಬೆಲೆಗಿಂತ ಮೇಲೆ ದುಡ್ಡು ಇಟ್ಟರೆ ಕಸವನ್ನು ತಯಾರಿಸುವವರು ಹುಟ್ಟಿಕೊಳ್ಳುತ್ತಾರೆ.

ನಮ್ಮಲ್ಲಿ ಬಳಸಿದ ಎಣ್ಣೆಯ ನಿಯಮ ಬಂದದ್ದು ಆರೋಗ್ಯದ ದಾರಿಯಿಂದ. ಎಣ್ಣೆ ಕಾದು ಕಾದು ಕೆಟ್ಟಾಗ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ. 25 ದಾಟಿದರೆ ಅದನ್ನು ಅಡುಗೆಗೆ ಬಳಸಬಾರದು. 2018ರ ಜುಲೈ 1ರಿಂದ ಇದು ಕಡ್ಡಾಯ. ದಿನಕ್ಕೆ 50 ಲೀಟರಿಗಿಂತ ಜಾಸ್ತಿ ಎಣ್ಣೆಯಲ್ಲಿ ಕರಿಯುವವರು ಲೆಕ್ಕ ಇಟ್ಟು, ಉಳಿದದ್ದನ್ನು ನೋಂದಾಯಿತ ಸಂಗ್ರಹಕಾರರಿಗೇ ಕೊಡಬೇಕು. ನನ್ನ ಪ್ರಕಾರ ನಮ್ಮ ಬಯೋಡೀಸೆಲ್ ಪಟ್ಟಿಯಲ್ಲಿ ಕಣ್ಣುಮುಚ್ಚಿ ಒಪ್ಪಬಹುದಾದ ವಸ್ತು ಇದೊಂದೇ. ಯಾಕೆಂದರೆ ಇಂಧನಕ್ಕೆ ಹೋಗದ ಎಣ್ಣೆ ಚರಂಡಿಗೆ ಹೋಗುತ್ತದೆ, ಇಲ್ಲವೇ ಡಬ್ಬದಲ್ಲಿ ಕಮ್ಮಿ ರೇಟಿಗೆ ಸಂಜೆಯ ಬಜ್ಜಿ ಗಾಡಿಗೆ ಹೋಗುತ್ತದೆ. ಕೊರತೆ ಇರುವುದೂ ಅಲ್ಲೇ. ಗಾಡಿಯವರು, ಸಣ್ಣ ಬೇಕರಿಯವರು 50 ಲೀಟರಿನ ಲೆಕ್ಕಕ್ಕೆ ಸಿಗುವುದೇ ಇಲ್ಲ. ವಿಮಾನದ ಇಂಧನಕ್ಕೂ ಈಗ ಈ ಎಣ್ಣೆಗೆ ಬೇಡಿಕೆ ಬಂದಿದೆ. 2027ಕ್ಕೆ ಹೊರದೇಶಕ್ಕೆ ಹಾರುವ ವಿಮಾನಗಳಲ್ಲಿ ಶೇ. 1, 2028ಕ್ಕೆ ಶೇ. 2 ಸುಸ್ಥಿರ ಇಂಧನ ಬೆರೆಸಬೇಕು ಎಂಬ ಗುರಿ ನಮ್ಮ ದೇಶದ್ದು.

ನಿಮ್ಮ ಫಾರಂಗೆ ಬರುತ್ತೇನೆ. ವಿಮಾನದ ಇಂಧನ, ಯುರೋಪಿನ ಮಾರುಕಟ್ಟೆ ಎರಡರಲ್ಲೂ ಬೆಳೆದ ನೆಲದ ಪೂರ್ವಾಪರ ಕೇಳುತ್ತಾರೆ. 2008ರ ಜನವರಿಯಲ್ಲಿ ಅದು ಕಾಡಾಗಿತ್ತೇ, ಜೌಗಾಗಿತ್ತೇ, ಜೀವವೈವಿಧ್ಯ ತುಂಬಿದ ಹುಲ್ಲುಗಾವಲಾಗಿತ್ತೇ? ಆಗಿದ್ದು, ಆಮೇಲೆ ಬದಲಾಯಿಸಿದ್ದರೆ ಅಲ್ಲಿ ಬೆಳೆದದ್ದು ಸಲ್ಲುವುದಿಲ್ಲ. ಅಮೆರಿಕದಲ್ಲೂ ಹೀಗೇ ಒಂದು ಗಡಿ ದಿನ ಇದೆ, 2007ರ ಡಿಸೆಂಬರ್ 19. ಮಲೆನಾಡಿನವರಿಗೆ ಗಡಿ ದಿನಗಳ ಕಷ್ಟ ಯಾರೂ ಹೇಳಿಕೊಡಬೇಕಾಗಿಲ್ಲ. ಒತ್ತುವರಿ ಸಕ್ರಮಕ್ಕೆ 1978ರ ಏಪ್ರಿಲ್ 27, ಅರಣ್ಯ ಹಕ್ಕಿಗೆ 2005ರ ಡಿಸೆಂಬರ್ 13, ಇವನ್ನು ಹಿಡಿದು ಕಚೇರಿ ಅಲೆದವರು ಪ್ರತಿ ಊರಿನಲ್ಲೂ ಇದ್ದಾರೆ. ಇದು ಅದೇ ಸಾಲಿನ ಇನ್ನೊಂದು ದಿನ. ವ್ಯತ್ಯಾಸ ಇಷ್ಟೇ, ಇಲ್ಲಿ ಕೇಳುವವನು ತಹಶೀಲ್ದಾರ ಅಲ್ಲ, ಎಲ್ಲೋ ಇರುವ ಇಂಧನ ಕಂಪನಿಯ ಲೆಕ್ಕ ಪರಿಶೋಧಕ.

ಅವನು ಪ್ರತಿ ರೈತನ ಹೊಲಕ್ಕೆ ಬರುವುದಿಲ್ಲ. ರೈತನಿಂದ ಒಂದು ಸ್ವಯಂ ಘೋಷಣೆ ಬರೆಸಿಕೊಂಡು, ಮಾಲು ಒಟ್ಟು ಮಾಡುವ ವ್ಯಾಪಾರಿಗೆ ಪ್ರಮಾಣಪತ್ರ ಕೊಡುತ್ತಾರೆ. ಆಮೇಲೆ ಕೆಲವು ಹೊಲ ಮಾತ್ರ ಆರಿಸಿ ತಪಾಸಣೆ ಮಾಡುತ್ತಾರೆ. ಐಎಸ್‌ಸಿಸಿಯಂಥ ಪ್ರಮಾಣೀಕರಣ ಸಂಸ್ಥೆಗಳು ನಡೆಯುವುದು ಹೀಗೆ. ನಿಮಗೆ ಕೊಟ್ಟದ್ದು ಅಂಥದ್ದೇ ಘೋಷಣೆ ಇರಬೇಕು ಅನಿಸುತ್ತದೆ. ಅಂದರೆ ನೀವು ಸಹಿ ಹಾಕಿದರೆ, ಈ ನೆಲ ನನ್ನದು, ಇದು 2008ರ ನಂತರ ಕಾಡಿನಿಂದ ಬದಲಾದದ್ದಲ್ಲ ಎಂದು ಬರೆದುಕೊಟ್ಟ ಹಾಗೆ.

ಸೊಪ್ಪಿನ ಬೆಟ್ಟದ ಮೇಲೆ ನೀವು ಹಾಗೆ ಬರೆದುಕೊಡಲು ಹೇಗಾಗುತ್ತದೆ? ಅಲ್ಲಿ ನಿಮಗಿರುವುದು ತೋಟಕ್ಕೆ ಸೊಪ್ಪು, ದರಗು (ಉದುರಿದ ಒಣ ಎಲೆ) ತರುವ ಸವಲತ್ತು. ನೆಲದ ಒಡೆತನ ಅಲ್ಲ. ಅಲ್ಲಿರುವ ಮರ ಸವರಿ ಹೊಂಗೆ ಸಾಲು ಹಾಕಿದರೆ ಅರಣ್ಯ ಇಲಾಖೆಯ ಕೇಸು ಒಂದು ಕಡೆ, ಸುಳ್ಳು ಘೋಷಣೆ ಇನ್ನೊಂದು ಕಡೆ. ತೊಂದರೆ ಬಂದಾಗ ಫಾರಂ ಕೊಟ್ಟವರ ಹೆಸರು ಅದರಲ್ಲಿ ಇರುವುದಿಲ್ಲ, ನಿಮ್ಮದಿರುತ್ತದೆ. ಕಾನೂನು ಬಿಡಿ, ಇಂಗಾಲದ ಲೆಕ್ಕವೂ ಒಪ್ಪುವುದಿಲ್ಲ. ಬೆಟ್ಟದ ಮರ, ಮಣ್ಣಿನಲ್ಲಿ ಕೂತಿರುವ ಇಂಗಾಲ ಒಮ್ಮೆ ಹೊರಬಿದ್ದರೆ ಹೊಂಗೆ ಎಣ್ಣೆಯಿಂದ ಅದನ್ನು ತೀರಿಸಲು ದಶಕಗಳು ಬೇಕು. ಅಷ್ಟರಲ್ಲಿ ತೋಟಕ್ಕೆ ಸೊಪ್ಪಿಲ್ಲ.

ಹೊಂಗೆ ಮರದ ಮೇಲೆ ನನಗೇನೂ ದ್ವೇಷವಿಲ್ಲ. ಬೀಜದಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆ ಇರುತ್ತದೆ, ಹಿಂಡಿ ಅಡಿಕೆ ತೋಟಕ್ಕೆ ಒಳ್ಳೆಯ ಗೊಬ್ಬರ. ರಾಜ್ಯ ಸರ್ಕಾರ 2009ರಲ್ಲೇ ಜೈವಿಕ ಇಂಧನ ನೀತಿ ತಂದಿತು. ಹಾಸನದ ಮಡೆನೂರಿನ ಜೈವಿಕ ಇಂಧನ ಪಾರ್ಕ್‌ನವರು ಹೊಲದ ಬದು, ಬೇಲಿಯಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಹಾಕಿಸಿ ರೈತರಿಂದ ಬೀಜ ಕೊಂಡರು. ಬದುವಿನ ಮರ ಯಾರ ಜಾಗವನ್ನೂ ಕಸಿಯುವುದಿಲ್ಲ, ಅದು ಸರಿಯಾದ ದಾರಿ. ತಪ್ಪು ದಾರಿ ನೋಡಬೇಕಾದರೆ ಜಟ್ರೋಫಾ ನೆನಪಿಸಿಕೊಳ್ಳಿ. 2003ರಿಂದ ದೇಶದ ಪಾಳು ಭೂಮಿಯಲ್ಲೆಲ್ಲ ಅದನ್ನು ಬೆಳೆಯುವ ಮಾತಿತ್ತು. ನೀರು, ಗೊಬ್ಬರ ಇಲ್ಲದೆ ಇಳುವರಿ ಬರಲಿಲ್ಲ. ಕಾಗದದಲ್ಲಿ ಪಾಳು ಅಂತ ಇದ್ದದ್ದು ಎಷ್ಟೋ ಕಡೆ ಊರಿನ ದನ ಮೇಯುವ ಜಾಗ. ನಮ್ಮ ಗೋಮಾಳ, ಹುಲ್ಲುಬನ್ನಿ ಇದ್ದ ಹಾಗೆ. ಬಯೋಡೀಸೆಲ್‌ಗೆ 2030ಕ್ಕೆ ಶೇ. 5 ಎಂಬ ಗುರಿ ಇದ್ದರೂ ದೇಶ ಇನ್ನೂ ಶೇ. 1ನ್ನೂ ಮುಟ್ಟಿಲ್ಲ. ಬೀಜವನ್ನೆಲ್ಲ ಕೊಳ್ಳುತ್ತೇವೆ ಎಂದು ಹೇಳುವವರ ಮಾತನ್ನು ಈ ಅಂಕಿಯ ಪಕ್ಕ ಇಟ್ಟು ನೋಡಿ.

ನಿಮ್ಮ ಸ್ವಂತ ಹಿಡುವಳಿಯ ಬೇಲಿಗೆ ಹೊಂಗೆ ಹಾಕುವ ಮನಸ್ಸಿದ್ದರೆ ಫಾರಂ ಕನ್ನಡದಲ್ಲಿ ಕೇಳಿ. ಸರ್ವೆ ನಂಬರ್ ಪಹಣಿಯೊಂದಿಗೆ ತಾಳೆ ಹಾಕಿ. ಅವರ ಪ್ರಮಾಣಪತ್ರದ ಸಂಖ್ಯೆ ಕೇಳಿ. ಐಎಸ್‌ಸಿಸಿಯದಾದರೆ ಅದನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ಬೆಲೆ, ಎಷ್ಟು ವರ್ಷ, ಕೊಳ್ಳದಿದ್ದರೆ ಏನು ಅನ್ನುವುದು ಬರಹದಲ್ಲಿರಲಿ. ಸಂಖ್ಯೆ ಕೊಡದವರ ಹತ್ತಿರ ಮಾತು ಮುಂದುವರಿಸಬೇಡಿ.

ಇನ್ನೊಂದು ಮಾತು ಹೇಳದೆ ಇರಲಾರೆ, ನೀವು ಕೇಳಿಲ್ಲವಾದರೂ. ಪಟ್ಟಿಯಲ್ಲಿ ಮರದ ಪದಾರ್ಥ ಅಂತಲೂ ಇದೆ. ಅಸ್ಸಾಂನ ನುಮಾಲಿಗಢದಲ್ಲಿ ಬಿದಿರಿನಿಂದ ಎಥನಾಲ್ ಮಾಡುವ ಘಟಕ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆ ಆಯಿತು. ನಮ್ಮ ಜಿಲ್ಲೆಯಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆಗೆ ಎಂದು ಬೆಳೆಸಿದ ಅಕೇಶಿಯಾ ತೋಪುಗಳಿವೆ. ಆ ಕಾರ್ಖಾನೆ ನಿಂತು ವರ್ಷಗಳಾದವು. 2020ರಲ್ಲಿ ಆ ತೋಪುಗಳ ನೆಲದ ಗುತ್ತಿಗೆ ನವೀಕರಣ ಆದಾಗ ಮಲೆನಾಡಿನವರು ಬೀದಿಗಿಳಿದರು. ನಾಳೆ ಯಾರಾದರೂ ಆ ಮರವನ್ನು ಹಸಿರು ಇಂಧನ ಎಂದು ಕರೆದು ತೋಪುಗಳನ್ನು ಇನ್ನೂ ನಲವತ್ತು ವರ್ಷ ಉಳಿಸಲು ನೋಡಿದರೆ ಆಶ್ಚರ್ಯವಿಲ್ಲ. ಗರಗಸದ ಹೊಟ್ಟು, ಸವರಿದ ಕೊಂಬೆ ಸಲ್ಲಲಿ. ಇಡೀ ಮರಕ್ಕೆ ನಾನು ಒಪ್ಪುವುದಿಲ್ಲ. ಯುರೋಪ್ ಕೂಡ 2023ರ ತಿದ್ದುಪಡಿಯಲ್ಲಿ ಹಲಗೆಗೆ ಬರುವ ದಿಮ್ಮಿ, ಬುಡ, ಬೇರುಗಳನ್ನು ಇಂಧನ ಮಾಡುವುದಕ್ಕೆ ಸರ್ಕಾರದ ದುಡ್ಡು ಕೊಡಬಾರದು ಎಂದು ಹೇಳಿದೆ.

ಮಲೆನಾಡಿನಲ್ಲಿ ಜಗಳವಿಲ್ಲದೆ ಸಲ್ಲುವ ವಸ್ತುಗಳೂ ಇವೆ. ಚಿಕ್ಕಮಗಳೂರು, ಕೊಡಗಿನ ಕಾಫಿ ಪಲ್ಪಿಂಗ್‌ನ ತಿರುಳು, ನೀರು ಹಳ್ಳಕ್ಕೆ ಸೇರಿದರೆ ಮೀನು ಸಾಯುತ್ತದೆ. ಅನಿಲ ಮಾಡಿದರೆ ಎರಡು ಕೆಲಸ ಆಗುತ್ತದೆ. ಬೀಜ ಕಿತ್ತು ಎಸೆಯುವ ಗೇರುಹಣ್ಣು ಇನ್ನೊಂದು. ಸಗಣಿಯಂತೂ ಸರಿಯೇ ಸರಿ. ಸಾಗರ, ಶಿರಸಿಯ ಹಳೆಯ ಗೋಬರ್ ಗ್ಯಾಸ್ ಗುಂಡಿಗಳು ಯಾವ ನೀತಿಗೂ ಕಾಯದೆ ಒಲೆ ಉರಿಸಿವೆ, ರಾಡಿಯನ್ನು ತೋಟಕ್ಕೆ ವಾಪಸ್ ಕೊಟ್ಟಿವೆ.

ನಿಮ್ಮ ಸಿಪ್ಪೆಗೂ ಆ ರಾಡಿಯೇ ಸಾಕು. ಸಿಪ್ಪೆ ಒಂದು ಪದರ, ರಾಡಿ ಒಂದು ಪದರ ಹಾಕಿ, ಮೇಲೆ ದರಗು ಮುಚ್ಚಿ ತೇವ ಕಾಯ್ದುಕೊಳ್ಳಿ. ಲಿಗ್ನಿನ್ ಜಾಸ್ತಿ ಇರುವುದರಿಂದ ಬೇಗ ಕಳಿಯುವುದಿಲ್ಲ, ಅವಸರ ಮಾಡಬೇಡಿ. ಭಾವನವರಿಗೆ ಜೋಳವನ್ನು ಎಥನಾಲ್ ಕಾರ್ಖಾನೆಗೆ ಕೊಡುವುದರಲ್ಲಿ ತಪ್ಪೇನಿಲ್ಲ ಎಂದು ಹೇಳಿ, ಬೆಲೆ ಬಂದರೆ ಕೊಡಲಿ. ಆದರೆ ಈ ವರ್ಷ ಕೊಂಡವರು ಮುಂದಿನ ವರ್ಷವೂ ಕೊಳ್ಳುತ್ತಾರೆ ಎಂದು ಸಾಲ ಮಾಡಿ ಜಾಸ್ತಿ ಬಿತ್ತುವುದು ಬೇಡ. ಗೋದಾಮಿನಲ್ಲಿ ಅಕ್ಕಿ ಎಷ್ಟಿದೆ ಎಂಬುದರ ಮೇಲೆ ಅವರ ಜೋಳದ ಬೆಲೆ ನಿಂತಿದೆ.